ಕೊಟ್ಟೂರಿನಲ್ಲಿ ಹೊಂದದ ಬೋಲ್ಟ್

ಖಟಕ್. ಒಂದು ಗಳಿಗೆ ಬಿಟ್ಟು ಮತ್ತೆ ಖಟಕ್. ತಿಂಗಳಿಗೊಂದು ಭಾನುವಾರ ನಮ್ಮ ಯಜಮಾನರು ತಮ್ಮ ತಂದೆಯ ಕಾಲದ ಬೇಟೆ ರೈಫಲ್ಲಿಗೆ ಎಣ್ಣೆ ಹಾಕಿ, ಅದರ ಬೋಲ್ಟನ್ನು ಹಿಂದಕ್ಕೆಳೆದು ಮುಂದಕ್ಕೆ ದೂಡುತ್ತಿದ್ದರು. ಗುಂಡನ್ನು ಒಳಗೆ ಕೂರಿಸುವ ಉಕ್ಕಿನ ತುಂಡು ಅದು. ಆ ಸದ್ದು ಕೇಳಿದರೆ ನಾನು ಕಾಫಿಗೆ ಇಡುತ್ತಿದ್ದೆ.

ಬೇಟೆ ಎಂದೋ ನಿಂತಿತ್ತು. ತೆಲಿಗಿಯ ನಮ್ಮ ಹೊಲಕ್ಕೆ ಹಂದಿ ನುಗ್ಗುತ್ತವೆಂಬ ನೆಪದಲ್ಲಿ ಲೈಸೆನ್ಸ್ ಮಾತ್ರ ಉಳಿದಿತ್ತು. ಅವರಿಗೆ ಕಣ್ಣಿನ ಆಪರೇಷನ್ ಆದ ವರ್ಷ ಎಣ್ಣೆ ಹಾಕುವುದೂ ನಿಂತಿತು. ಆಯುಧ ಪೂಜೆಗೆ ಹೊರತೆಗೆದದ್ದೇ ಕೊನೆ.

ಬೇಸಿಗೆಯಲ್ಲಿ ಎಲೆಕ್ಷನ್ ಬಂತು. ಬಂದೂಕುಗಳನ್ನೆಲ್ಲ ಸ್ಟೇಷನ್ನಿಗೆ ಒಪ್ಪಿಸಬೇಕೆಂದು ಆರ್ಡರ್ ಆಯಿತು. ಯಜಮಾನರು ಅಲ್ಮೇರಾ ತೆಗೆದರೆ ರೈಫಲ್ ಇದೆ, ಬೋಲ್ಟ್ ಇಲ್ಲ.

ಎರಡು ದಿನ ಮನೆಯನ್ನೆಲ್ಲ ತಿರುವಿಹಾಕಿದೆವು. ಎರಡನೆಯ ದಿನ ಪೂಜಾ ತಟ್ಟೆ ಕೈಗೆ ಬಂದಾಗ ನನಗೆ ಥಟ್ಟನೆ ನೆನಪಾಯಿತು. ಆಯುಧ ಪೂಜೆಗೆ ಬಂದ ಮಕ್ಕಳು ರೈಫಲ್ ಮುಟ್ಟಿಯಾರೆಂದು ನರ್ವಸ್ ಆಗಿ ಅವರಿಗೆ ಹೇಳದೆ ನಾನೇ ಬೋಲ್ಟನ್ನು ಹೊರಗೆಳೆದು, ಕೆಂಪು ರವಿಕೆ ಕಣದಲ್ಲಿ ಸುತ್ತಿ, ತಟ್ಟೆಯಲ್ಲಿ ಹೂವಿನ ಅಡಿಗೆ ಇಟ್ಟಿದ್ದೆ. ಮರುದಿನ ರೈಫಲ್ಲನ್ನು ಅಲ್ಮೇರಾಕ್ಕೆ ಸೇರಿಸಿ, ಬೋಲ್ಟನ್ನು ಮರೆತು, ಪೂಜೆಯ ಹೂವನ್ನೆಲ್ಲ ಚೀಲಕ್ಕೆ ಸುರಿದು ಹಲವಾಗಲಿಗೆ ಹೋಗಿ ಹೊಳೆಗೆ ಬಿಟ್ಟೆ. ಚೀಲ ಭಾರವೆನಿಸಿತ್ತು. ತೆಂಗಿನಕಾಯಿ ಇರಬೇಕು ಅಂದುಕೊಂಡಿದ್ದೆ. ಸಿಲ್ಲಿ!

ಆಗಲೇ ಹೇಳಬಹುದಿತ್ತು. ಆದರೆ ಅವರು ಹಾಸಿಗೆಯ ತುದಿಗೆ ಕೂತು, ನಾನೇ ಎಲ್ಲೋ ಇಟ್ಟು ಮರೆತಿದ್ದೇನೆ ಅನ್ನುತ್ತಿದ್ದರು. ಅವರ ಅಣ್ಣ ಕೊನೆಗಾಲದಲ್ಲಿ ಹೆತ್ತ ಮಕ್ಕಳ ಗುರುತೂ ಹಿಡಿಯುತ್ತಿರಲಿಲ್ಲ. ಆ ಭಯ ಇವರ ಮುಖದಲ್ಲಿ ಕಂಡಷ್ಟೂ ನಿಜ ಹೇಳುವ ಧೈರ್ಯ ಕುಗ್ಗಿತು. ಬೇರೆ ಬೋಲ್ಟ್ ಸಿಕ್ಕಿಬಿಟ್ಟರೆ ಹೇಳುವ ಅಗತ್ಯವೇ ಇರುವುದಿಲ್ಲ ಎಂದು ಲೆಕ್ಕ ಹಾಕಿದೆ. ಅವರು ರಾತ್ರಿ ಊಟಕ್ಕೆ ಕೂತಾಗ ಅಣ್ಣನ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದರು. ತಪ್ಪುತ್ತದೋ ಇಲ್ಲವೋ ನೋಡಲು. ನಾನು ಅನ್ನ ಬಡಿಸುತ್ತಿದ್ದೆ.

ಹಡಗಲಿಯಲ್ಲಿ ಬಂದೂಕು ರಿಪೇರಿಯವರೊಬ್ಬರನ್ನು ಬೇರೆ ಬೋಲ್ಟ್ ಕೇಳಿದೆವು, ಇಲ್ಲವೆಂದರು. ಗಡುವಿಗೆ ಎರಡೇ ದಿನ ಉಳಿದಾಗ ಲೈಸೆನ್ಸನ್ನೂ ರೈಫಲ್ಲನ್ನೂ ಕಾರಿನಲ್ಲಿಟ್ಟುಕೊಂಡು ಕೊಟ್ಟೂರಿಗೆ ಹೋದೆವು. ಅಲ್ಲಿ ಯಜಮಾನರ ಹಳೆಯ ಪರಿಚಯದ, ಬಂದೂಕು ರಿಪೇರಿಯ ಮುದುಕ ಮಿಸ್ತ್ರಿ ಒಬ್ಬರಿದ್ದರು. ಅವರ ಹತ್ತಿರ ಅದೇ ಜಾತಿಯ ರೈಫಲ್ಲಿನ ಹಳೆಯ ಬೋಲ್ಟ್ ಒಂದಿತ್ತು. ಅದನ್ನು ಒಳಗೆ ದೂಡಿದರು. ಖಟಕ್. ನಾನು ಉಸಿರು ಬಿಟ್ಟೆ.

ಮಿಸ್ತ್ರಿ ಕನ್ನಡಕ ಏರಿಸಿ ನೋಡಿ, ಮತ್ತೆ ಹೊರಗೆಳೆದರು. "ಕೂಡೋದೇನೋ ಕೂಡತೈತ್ರಿ. ಆದ್ರ ಬೋಲ್ಟಿನ ಮ್ಯಾಲಿನ ನಂಬರು, ಬಂದೂಕಿನ ಮ್ಯಾಲಿನ ನಂಬರು ಬ್ಯಾರೆ ಬ್ಯಾರೆ. ಸ್ಟೇಷನ್ನಿನ್ಯಾಗ ನೋಡೇ ನೋಡ್ತಾರ. ಅಳತಿ ಕೂದಲೆಳಿ ತಪ್ಪಿರತೈತಿ, ಯಾರಾರ ಗುಂಡು ಹಾರಿಸಿದ್ರಂದ್ರ ಹಿಂದಕ್ಕ ಸಿಡದು ಕಣ್ಣಿಗೇ ಬಡೀತೈತಿ. ನಾ ಕೊಡಂಗಿಲ್ರಿ."

ಯಜಮಾನರು ತಲೆ ಆಡಿಸಿದರು. "ನನ್ನ ತಲಿ ನಮ್ಮಣ್ಣನ ದಾರಿ ಹಿಡದೈತಿ ಮಿಸ್ತ್ರಿ. ಎಲ್ಲಿಟ್ಟೀನಂತ ನೆನಪೇ ಆಗವಲ್ದು."

"ಮೂವತ್ತು ವರ್ಷದಿಂದ ನೋಡೀನ್ರಿ ನಿಮ್ಮನ್ನ. ಒಂದು ಸ್ಕ್ರೂ ಸೈತ ಮರತು ಹೋದವರಲ್ಲ ನೀವು," ಅಂದರು ಮಿಸ್ತ್ರಿ. ಹಾಗಂದವರು ನನ್ನ ಕಡೆ ನೋಡಿದರು.

ನಾನು ಓದಿದ ಕಾನ್ವೆಂಟಿನಲ್ಲಿ ತಪ್ಪು ಮಾಡಿದ ಹುಡುಗಿಯರನ್ನು ಸಿಸ್ಟರ್ ಏನೂ ಕೇಳದೆ ಹೀಗೇ ನೋಡುತ್ತಿದ್ದರು. "ನಾನೇ ಹೊಳಿಗೆ ಹಾಕೀನ್ರಿ," ಅಂದೆ. "ದಸರಾದಾಗ, ಹೂವಿನ ಜೋಡಿ."

ಯಜಮಾನರು ನನ್ನ ಕಡೆ ತಿರುಗಿದರು. "ಯಾವಾಗ ಗೊತ್ತಾತು ನಿನಗ?"

"ಎಂಟು ದಿನಾತು."

"ಹಂಗಾರ ನನ್ನ ತಲಿ ಸರಿ ಐತಿ." ಆಮೇಲೆ ಮಿಸ್ತ್ರಿಗೆ, "ನೋಡ್ರಿ, ನಮ್ಮ ಕಾನ್ವೆಂಟ್ ಮೇಡಂ ಗಂಗಮ್ಮಗ ಅರ್ಧ ಬಂದೂಕ ಕೊಟ್ಟು ಬಂದಾಳ," ಎಂದು ನಕ್ಕರು. ಕಣ್ಣಲ್ಲಿ ನೀರಿತ್ತು. ಹರಪನಹಳ್ಳಿಯವರೆಗೂ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ಬೋಲ್ಟ್ ಹೊಳೆಗೆ ಬಿದ್ದದ್ದನ್ನು ಇದ್ದದ್ದು ಇದ್ದಂತೆ ಬರೆದುಕೊಟ್ಟು ರೈಫಲ್ ಒಪ್ಪಿಸಿ ಎಂದು ಮಿಸ್ತ್ರಿಯೇ ಹೇಳಿದ್ದರು. ಹಾಗೇ ಮಾಡಿದೆವು. ಎಲೆಕ್ಷನ್ ಮುಗಿದ ಮೇಲೆ ಯಜಮಾನರು ಅದನ್ನು ವಾಪಸ್ ತರಲಿಲ್ಲ.

ಮಿಸ್ತ್ರಿಯನ್ನು ನಾನು ಕೊನೆಯದಾಗಿ ನೋಡಿದ್ದು ಕೊಟ್ಟೂರಿಗೆ ಹೋದ ಆ ದಿನವೇ. ಅಂಗಡಿ ಇಳಿದು ಹಿಂತಿರುಗಿ ನೋಡಿದೆ. ಹೊಂದದ ಆ ಬೋಲ್ಟನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತುತ್ತಿದ್ದರು, ತಲೆ ಎತ್ತಲಿಲ್ಲ. ಥ್ಯಾಂಕ್ಸ್ ಹೇಳಬೇಕಿತ್ತು. ಅಷ್ಟರಲ್ಲಿ ಯಜಮಾನರು ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಿದ್ದರು.