ಬುಡೇನ್ ಸಾಬರ ಕೆಳತುಟಿ

ಹರಿಹರದ ಸೇತುವೆಗೆ ಹೋಗುವ ದಾರಿಯ ಬೇವಿನ ಮರದಡಿ ಆ ದಿನ ನಾವು ಮೂವರಿದ್ದೆವು. ತಗಡಿನ ಶೆಡ್ಡಿನ ಮುಂದೆ ಗೋಣಿತಾಟು ಹಾಸಿಕೊಂಡು ಕೂತ ಮೆಕ್ಯಾನಿಕ್ ಬುಡೇನ್ ಸಾಬರು, ಪಕ್ಕದ ಚಹಾದಂಗಡಿಯ ರುದ್ರಣ್ಣ, ಮತ್ತು ನಮ್ಮಪ್ಪನ ಕಾಲದ ಕೆಂಪು ಮೋಟಾರ್‌ಸೈಕಲ್ಲನ್ನು ದಾವಣಗೆರೆಯಿಂದ ಟೆಂಪೋದಲ್ಲಿ ಹೇರಿಕೊಂಡು ಬಂದ ನಾನು. ಸಾಬರು ಕಾರ್ಬ್ಯುರೇಟರಿನಿಂದ ಬೆರಳುಗುರಿನಷ್ಟು ಉದ್ದದ ಹಿತ್ತಾಳೆ ಸೂಜಿಯೊಂದನ್ನು ತೆಗೆದು, ಲುಂಗಿಗೆ ಒರೆಸಿ, ಕಣ್ಣು ಮುಚ್ಚಿಕೊಂಡು ಅದರ ಮೊನೆಯನ್ನು ತಮ್ಮ ಕೆಳತುಟಿಯ ಮೇಲೆ ಮೆಲ್ಲಗೆ ಹೊರಳಿಸಿದರು.

"ಸೂಜಿ ಚಲೋ ಐತೆ. ಕಳ್ಳ ಬ್ಯಾರೆ ಅದಾನೆ" ಎಂದರು.

ದಾವಣಗೆರೆಯ ಸರಸ್ವತಿ ನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಎದುರಿಗಿದ್ದವರು ಕಣ್ಣು ಕಿರಿದು ಮಾಡಿದರೂ ಮುಚ್ಚಿದರೂ ನನ್ನ ಬಾಯಿ ಸುಮ್ಮನಿರುವುದಿಲ್ಲ. "ಸಾಬ್ರೇ, ಒಂದ್ಸಲ ಅಂಗಡಿಗೆ ಬರ್ರಿ, ಒಂದು ಚಷ್ಮಾ ಮಾಡಿಕೊಡ್ತೀನಿ" ಎಂದೆ.

"ನನ್ನ ಕಣ್ಣು ತುಟ್ಯಾಗ ಐತ್ರಿ ಚಷ್ಮಾದೋರೆ. ಅದಕ್ಕೆ ನಿಮ್ಮ ಗಾಜು ಹೆಂಗೆ ಕೂಡಿಸ್ತೀರಿ?"

ರುದ್ರಣ್ಣ ನಕ್ಕ ನಗುವಿಗೆ ಕೆಟಲಿನ ಮುಚ್ಚಳ ಅಲುಗಿತು. ಅಂದಿನಿಂದ ನಾನು ಅವರಿಗೆ ಚಷ್ಮಾದೋರೇ ಆದೆ.

ಸೂಜಿಯ ಮೊನೆ ಸವೆದು ಗೆರೆ ಬಿದ್ದಿದ್ದರೆ ಬೆರಳಿಗೆ ತಿಳಿಯುವುದಿಲ್ಲ, ತುಟಿಗೆ ತಿಳಿಯುತ್ತದೆ ಎಂದು ಅವರು ನನಗೆ ಆಮೇಲೆ ಹೇಳಿಕೊಟ್ಟರು. ಕಾರ್ಬ್ಯುರೇಟರಿನ ಬಟ್ಟಲಲ್ಲಿ ಫ್ಲೋಟ್ ಎಂಬ ಟೊಳ್ಳು ಹಿತ್ತಾಳೆ ಡಬ್ಬಿ ತೇಲುತ್ತಿರುತ್ತದೆ. ಪೆಟ್ರೋಲು ತುಂಬಿದಂತೆ ಅದು ಮೇಲೇರಿ, ಸೂಜಿಯನ್ನು ಒತ್ತಿ, ಪೆಟ್ರೋಲು ಬರುವ ತೂತನ್ನು ಮುಚ್ಚುತ್ತದೆ. ನನ್ನ ಗಾಡಿಯಲ್ಲಿ ಮುಚ್ಚುತ್ತಿರಲಿಲ್ಲ. ನಿಲ್ಲಿಸಿದಲ್ಲೆಲ್ಲ ತೊಟ್ಟಿಕ್ಕಿ, ಮನೆಯಂಗಳವೆಲ್ಲ ಪೆಟ್ರೋಲ್ ಬಂಕಿನ ವಾಸನೆ ಹೊಡೆಯುತ್ತಿತ್ತು.

ಸಾಬರು ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಒಳಗೆ ಗುಳುಗುಳು ಎಂದಿತು. ಎದ್ದವರೇ ಹೋಗಿ ಅದನ್ನು ರುದ್ರಣ್ಣನ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿಬಿಟ್ಟರು.

"ಏ ಸಾಬ್ರೇ! ಲೋಟ ತೊಳಿಯೋ ನೀರದು! ಪೆಟ್ರೋಲ್ ವಾಸನಿ ಲೋಟದಾಗ ಕುಡಿದು ಗಿರಾಕಿ ಬೀಡಿ ಹಚ್ಚಿದ್ರೆ ಮೀಸಿ ಸುಟ್ಟು ಹೋಗ್ತಾವೆ!"

"ನಿನ್ನ ಚಾ ಕುಡಿಯೋರಿಗೆ ನಾಲಿಗಿ ಮೊದ್ಲೇ ಸುಟ್ಟೈತೆ, ಸುಮ್ಕಿರೋ" ಎಂದು ಸಾಬರು ನೀರಿನಲ್ಲೇ ಕಣ್ಣಿಟ್ಟಿದ್ದರು. ಫ್ಲೋಟಿನ ಅಂಚಿನಿಂದ ಸಣ್ಣ ಗುಳ್ಳೆಯೊಂದು ಎದ್ದಿತು. ಅಲ್ಲೇ ತೂತು. ಒಳಗಿನ ಪೆಟ್ರೋಲೆಲ್ಲ ಆರುವ ತನಕ ಬಿಸಿಲಿಗಿಟ್ಟು, ಮಧ್ಯಾಹ್ನದ ನಮಾಜು ಮುಗಿಸಿ ಬಂದು, ಸಾಸಿವೆ ಕಾಳಿಗಿಂತ ಚಿಕ್ಕ ಬೆಸುಗೆ ಹಾಕಿದರು. ಬೆಸುಗೆ ದೊಡ್ಡದಾದರೆ ಫ್ಲೋಟು ಭಾರವಾಗಿ ಮುಳುಗುತ್ತದಂತೆ. ಎಲ್ಲ ಕೂಡಿಸಿ, ಕೆಳಗೊಂದು ಹಳೆ ಪೇಪರು ಹಾಸಿ, ಎರಡು ಚಹಾ ಕುಡಿಯುವಷ್ಟು ಹೊತ್ತು ಕಾದರು. ಪೇಪರಿನ ಮೇಲೆ ಒಂದು ಹನಿಯಿರಲಿಲ್ಲ.

"ನೋಡ್ರಿ ಚಷ್ಮಾದೋರೆ, ನಿಮಗ ಒಂದೇ ಕೆಲ್ಸ. ಗಾಡಿ ನಿಲ್ಸಿದ ಮ್ಯಾಲೆ ಟ್ಯಾಂಕಿನ ನಲ್ಲಿ ಬಂದ್ ಮಾಡ್ರಿ. ಬಿಚ್ಚೋ ಕೆಲ್ಸ ನಂದು. ನೀವು ಬಿಚ್ಚಬ್ಯಾಡ್ರಿ."

ಮನೆಯ ಕಡೆ ಬರುವಾಗ ಬಾತಿ ಊರಿನ ಹತ್ತಿರ ಇಳಿದು ಬಗ್ಗಿ ನೋಡಿದೆ. ಕಾರ್ಬ್ಯುರೇಟರು ಒಣಗಿ ಬೆಚ್ಚಗಿತ್ತು.

ಹಳೆ ಗಾಡಿಯ ಹುಚ್ಚಿನವರು ದಾವಣಗೆರೆಯಲ್ಲಿ ನಾವು ಹನ್ನೊಂದು ಮಂದಿ. ಬಸವರಾಜಣ್ಣ ನಮಗೆಲ್ಲ ಹಿರಿಯರು. ಸಾಬರ ಕೆಲಸವನ್ನು ನಾನು ಊರೆಲ್ಲ ಹೊಗಳಿಕೊಂಡು ಬಂದದ್ದು ಅವರ ಕಿವಿಗೂ ಬಿತ್ತು. "ಆಯುಧಪೂಜೆ ದಿವ್ಸ ಮೈದಾನಕ್ಕೆ ಅವರನ್ನೂ ಕರ್ಕೊಂಡು ಬರ್ರಿ. ಕೈ ಚಲೋ ಇದ್ರೆ ಹನ್ನೊಂದೂ ಗಾಡಿ ಅವರಿಗೇ ಒಪ್ಪಿಸಿಬಿಡಾಣ" ಎಂದರು. ಹರಿಹರದಲ್ಲಿ ಹಳೆ ಗಾಡಿಗಳು ಕಡಿಮೆಯಾಗಿ ಸಾಬರು ದಿನವೆಲ್ಲ ಸೇತುವೆ ನೋಡುತ್ತ ಕೂರುವ ಕಾಲವದು. ವಿಷಯ ತಿಳಿಸಿದಾಗ ಅವರು ಪಾನಾ ಸ್ಪಾನರುಗಳನ್ನೆಲ್ಲ ಒಂದೊಂದಾಗಿ ಒರೆಸಿಟ್ಟರು.

ಪೂಜೆಯ ಹಿಂದಿನ ದಿನ ನನ್ನ ಹೆಂಡತಿ ಗಿರಿಜಾ ಹಿತ್ತಲಲ್ಲಿ ಹುಣಸೆಹಣ್ಣು ಹಚ್ಚಿ ದೇವರ ಸಾಮಾನು ತಿಕ್ಕುತ್ತಿದ್ದಳು. ದೀಪದ ಕಂಬ ಬಂಗಾರದ ಹಾಗೆ ಹೊಳೆಯುತ್ತಿತ್ತು. ಗಾಡಿಯೊಳಗೂ ಹಿತ್ತಾಳೆ ಇದೆಯಲ್ಲ ಎಂದು ನನಗೆ ಹೊಳೆದದ್ದು ಆಗಲೇ. ಬಸವರಾಜಣ್ಣನವರಿಗೆ ಬಿಚ್ಚಿ ತೋರಿಸುವ ಹೊತ್ತಿಗೆ ಫ್ಲೋಟು ದೇವರ ಗಿಂಡಿಯ ಹಾಗೆ ಮಿಂಚಬೇಕು ಎನಿಸಿತು.

"ಸಾಬ್ರು ಕೂಡಿಸಿದ್ದನ್ನ ಯಾಕ ಬಿಚ್ಚತೀರಿ?" ಎಂದಳು ಗಿರಿಜಾ.

"ನಿಂಗೇನು ಗೊತ್ತಾಗುತ್ತೆ, ಸುಮ್ನಿರು" ಎಂದೆ. ಅದೇ ಹುಣಸೆಹಣ್ಣಿನಿಂದ ಫ್ಲೋಟು ತಿಕ್ಕಿದೆ, ಬಟ್ಟಲು ತಿಕ್ಕಿದೆ, ಸೂಜಿಯನ್ನೂ ಬಿಡಲಿಲ್ಲ. ಎಲ್ಲವನ್ನೂ ತೊಳೆದು, ಒರೆಸಿ, ಮತ್ತೆ ಕೂಡಿಸಿದೆ.

ಮರುದಿನ ಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ಬಂದರು. ಅಷ್ಟು ಬೆಳ್ಳಗಿನ ಅಂಗಿಯಲ್ಲಿ ಅವರನ್ನು ನಾನು ನೋಡಿಯೇ ಇರಲಿಲ್ಲ. ಹನ್ನೊಂದು ಗಾಡಿಗಳಿಗೂ ಚೆಂಡುಹೂವಿನ ಹಾರ ಹಾಕಿ ಸಾಲಾಗಿ ನಿಲ್ಲಿಸಿದ್ದೆವು. ಬಸವರಾಜಣ್ಣ ಕರ್ಪೂರದ ತಟ್ಟೆ ಹಿಡಿದು ಒಂದೊಂದಕ್ಕೂ ಆರತಿ ಎತ್ತುತ್ತ ಬಂದರು. ನನ್ನ ಗಾಡಿಯ ಮುಂದೆ ಬಗ್ಗಿದವರು ಬೆಚ್ಚಿ ಹಿಂದಕ್ಕೆ ಹಾರಿದರು. ಕೆಳಗೆ ತಟ್ಟೆಯಗಲ ಪೆಟ್ರೋಲು ನಿಂತಿತ್ತು.

"ಎಲ್ರೂ ಹಿಂದಕ್ಕೆ ಸರೀರಿ! ಒಂದು ಕಿಡಿ ಬಿದ್ದಿದ್ರೆ ಹನ್ನೊಂದೂ ಗಾಡಿ ಹೋಗ್ತಿದ್ವಲ್ರೀ! ಯಾರ್ರೀ ಇದನ್ನ ರಿಪೇರಿ ಮಾಡಿದ್ದು?"

ಎಲ್ಲರೂ ನನ್ನ ಮುಖ ನೋಡಿದರು. ಸಾಬರು ಐದು ಹೆಜ್ಜೆ ಆಚೆ ನಿಂತಿದ್ದರು. ನಾನು ಹೇಳಿದ್ದು ಇಷ್ಟು: "ಸಾಬ್ರೇ ಮಾಡಿದ್ದು. ವಯಸ್ಸಾತು ನೋಡ್ರಿ, ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ."

ಕನ್ನಡಕದ ಅಂಗಡಿಯವನೇ ಹೀಗೆ ಹೇಳಿದ ಮೇಲೆ ಯಾರು ನಂಬುವುದಿಲ್ಲ?

ಸಾಬರು ಬಂದು ಮೊದಲು ನಲ್ಲಿ ಬಂದ್ ಮಾಡಿದರು. ಅದನ್ನೂ ನಾನು ಮರೆತಿದ್ದೆ. ಗಾಡಿಯನ್ನು ಆಚೆ ತಳ್ಳಿಸಿ, ಕೂತು, ಬಟ್ಟಲು ಬಿಚ್ಚಿದರು. ಫ್ಲೋಟು ಫಳಫಳ ಹೊಳೆಯಿತು. ಸೂಜಿಯನ್ನು ತುಟಿಗೆ ತಾಗಿಸಿದವರು ಹಾಗೇ ತಡೆದರು. ಮೊನೆಗೆ ಅಂಟಿದ್ದ ಕೂದಲಿನಂಥ ನಾರೊಂದನ್ನು ಉಗುರಿನಿಂದ ತೆಗೆದು ನಾಲಿಗೆಯ ತುದಿಗೆ ಇಟ್ಟುಕೊಂಡರು. ಅವರ ಮುಖ ಹುಳಿಗೆ ಸಣ್ಣಗೆ ಕಿವುಚಿಕೊಂಡಿತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು, ಒಂದೇ ಸಲ.

"ಏನಾಗಿತ್ರಿ?" ಎಂದರು ಬಸವರಾಜಣ್ಣ.

"ಕಸ ಉಳಿದಿತ್ರಿ ಯಜಮಾನ್ರೇ. ನಂದೇ ತಪ್ಪು" ಎಂದು ಸಾಬರು ನಾರನ್ನು ನೆಲಕ್ಕೆ ಒರೆಸಿದರು.

ಆಗಲೂ ನಾನು ಬಾಯಿ ಬಿಡಲಿಲ್ಲ. ಅವರು ಮಂಡಕ್ಕಿ ಪ್ರಸಾದ ಇಸಕೊಂಡು, ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಬಿಳಿ ಅಂಗಿಯ ತೋಳಿಗೆ ಪೆಟ್ರೋಲಿನ ಕಲೆಯಾಗಿತ್ತು. ನನ್ನದೊಂದು ಬಿಟ್ಟು ಉಳಿದ ಹತ್ತು ಗಾಡಿಗಳೂ ಬೇರೆ ಮೆಕ್ಯಾನಿಕ್ಕನ ಪಾಲಾದವು.

ಆಮೇಲೆ ಹೇಳಿಬಿಡಬೇಕೆಂದು ಹರಿಹರಕ್ಕೆ ಎರಡು ಸಲ ಹೋದೆ. ಎರಡು ಸಲವೂ ಚಹಾ ಕುಡಿದು, ಮಳೆ ಬೆಳೆ ಮಾತಾಡಿ ಹಿಂದಿರುಗಿದೆ. ಮೂರನೆಯ ಸಲ ಹೋದಾಗ ಅವರು ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದರು. "ಸಾಬ್ರೇ, ಅವತ್ತು ಆ ಹುಣಸೆ..." ಎಂದು ಶುರು ಮಾಡಿದೆ.

"ನಂಗ್ಯಾಕ ಹೇಳ್ತೀರಿ ಚಷ್ಮಾದೋರೆ? ನಂಗೆ ಅವತ್ತೇ ಗೊತ್ತಾತಲ್ಲ" ಎಂದರು ಟ್ಯೂಬಿನಿಂದ ಕಣ್ಣೆತ್ತದೆ. "ಗೊತ್ತಿಲ್ದೋರು ದಾವಣಗೆರಿಯಾಗ ಅದಾರೆ. ಅವರಿಗೆ ಹೇಳ್ರಿ." ಆಮೇಲೆ ಅವರೇ ಕೂಗಿದರು: "ರುದ್ರಾ, ಚಷ್ಮಾದೋರಿಗೆ ಒಂದು ಚಾ ಕೊಡೋ. ಲೋಟ ಚಂದಾಗಿ ತೊಳಿ."

ಅದೇ ಕಡೆಯ ಭೇಟಿ. ದಾವಣಗೆರೆಯವರಿಗೆ ಹೇಳುತ್ತೇನೆ ಎಂದು ಬಂದವನು ಹೇಳಲಿಲ್ಲ. ಮುಂದಿನ ವಾರ ಎಂದುಕೊಂಡೆ, ಯುಗಾದಿ ಕಳೆಯಲಿ ಎಂದುಕೊಂಡೆ.

ಮುಂದಿನ ಆಯುಧಪೂಜೆಗೆ ಅದೇ ಮೈದಾನದಲ್ಲಿ ಸೇರಿದೆವು. ಆರತಿಗೆ ಮೊದಲು ನಾನು ಎದ್ದು ನಿಂತು, ಹುಣಸೆಹಣ್ಣಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬಸವರಾಜಣ್ಣ ತಟ್ಟೆ ಕೆಳಗಿಟ್ಟರು.

"ಹಂಗಾದ್ರೆ ಆ ಮನುಷ್ಯಂದು ಏನೂ ತಪ್ಪಿಲ್ಲ ಅನ್ರಿ. ಎಂಥಾ ಕೆಲ್ಸ ಮಾಡಿದ್ರಿ! ನಡೀರಿ, ನಾಳೆನೇ ನನ್ನ ಗಾಡಿ ಹರಿಹರಕ್ಕೆ ಒಯ್ಯಾಣ."

ಸಾಬರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅದನ್ನೂ ಅವರಿಗೆ ನಾನೇ ಹೇಳಬೇಕಾಯಿತು.