ಅಪ್ಪನ ಪದಗಳಿದ್ದ ಸೈಟು

ಕಳೆದ ಗುರುವಾರ ಕುರುಗೋಡಿನ ಮೊಬೈಲ್ ಅಂಗಡಿಯೊಂದರಲ್ಲಿ ಲೋಬಾನದ ಹೊಗೆ ಹಾಕಿದ್ದರು. ಫೋನಿನ ಗಾಜು ಬದಲಿಸಲು ಹೋಗಿದ್ದ ನಾನು ಕೆಲಸ ಮುಗಿದ ಮೇಲೂ ಅಲ್ಲೇ ನಿಂತಿದ್ದೆ. ಬಳ್ಳಾರಿಯ ಚಾಚಾನ ಅಂಗಡಿಯಲ್ಲಿ ಪ್ರತಿ ಗುರುವಾರ ಸಂಜೆ ಇದೇ ವಾಸನೆ ಇರುತ್ತಿತ್ತು...

ಚಾಚಾ ನಮಗೆ ರಕ್ತಸಂಬಂಧಿಯಲ್ಲ. ಸಿರುಗುಪ್ಪದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಕಾಲದಿಂದ ಅಪ್ಪನ ಗೆಳೆಯರು. ಅಪ್ಪ ಸಿರಿಗೇರಿಯಲ್ಲಿ ಮೊಹರಂ ಪದ ಹಾಡುತ್ತಿದ್ದ. ಅವನು ಹಾಡಲು ನಿಂತರೆ ಚಾಚಾ ಟೇಪ್ ರೆಕಾರ್ಡರ್ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ಮುಂದೆ ಅಪ್ಪನ ಗಂಟಲಿಗೆ ಆಪರೇಷನ್ ಆಯಿತು. ಹಾಡಿನ ಜೊತೆ ಮಾತೂ ನಿಂತಿತು.

ಗಣಿ ಜೋರಾಗಿದ್ದ ವರ್ಷಗಳಲ್ಲಿ ಚಾಚಾ ಬಳ್ಳಾರಿಗೆ ಬಂದು ಕಂಪ್ಯೂಟರ್ ಇಟ್ಟರು. ಅದಿರಿನ ಲಾರಿ ಡ್ರೈವರುಗಳು ಬಂದು ಫೋನಿಗೆ ತೆಲುಗು, ಕನ್ನಡ ಸಿನಿಮಾ ತುಂಬಿಸಿಕೊಂಡು ಹೋಗುತ್ತಿದ್ದರು. ಎಲ್ಲವೂ ಒಂದು ವಿದೇಶಿ ಸೈಟಿನಿಂದ ಇಳಿಸಿಕೊಂಡದ್ದು. ಕಳ್ಳ ಮಾಲೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದೇ ಸೈಟಿಗೆ ಅವರು ಅಪ್ಪನ ಪದಗಳನ್ನೂ ಏರಿಸಿದ್ದರು. ಕಂಪ್ಯೂಟರಿಗೆ ಹಾಕಿಕೊಂಡ ಮೇಲೆ ಹಳೆಯ ಟೇಪುಗಳು ಬೂಷ್ಟು ಹಿಡಿದು ತುಂಡಾಗಿದ್ದವು, ಕಂಪ್ಯೂಟರಿನ ತುಂಬ ಕೆಂಪು ಧೂಳು.

"ಇಲ್ಲಿ ಇಟ್ರ ಹಾಳಾಗತಾವ ತಮ್ಮಾ. ಅಲ್ಲಿಟ್ರ ಯಾರೂ ಮುಟ್ಟಂಗಿಲ್ಲ," ಎಂದಿದ್ದರು.

ಒಂದು ಮಧ್ಯಾಹ್ನ ಪೊಲೀಸರು ಬಂದು ಕಂಪ್ಯೂಟರು, ಡಿಸ್ಕು ಎಲ್ಲವನ್ನೂ ಜೀಪಿಗೆ ಹಾಕಿಕೊಂಡು ಹೋದರು. ಕೇಸಾಯಿತು. ಕುರುಗೋಡಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿ ಮುಗಿಸಿ ನಾನು ಬಂದಾಗ ಚಾಚಾ ಖಾಲಿ ಮೇಜು ಒರೆಸುತ್ತಿದ್ದರು. "ತಪ್ಪು ಮಾಡೀನಿ, ಹಿಡದಾರ. ನಿಮ್ಮಪ್ಪನ ಪದ ಅಲ್ಲಿ ಅದಾವ, ಚಿಂತಿ ಮಾಡಬ್ಯಾಡ," ಎಂದರು.

ಕೆಲವು ವಾರಗಳ ನಂತರ ಅವರೇ ಫೋನ್ ಮಾಡಿ ಕರೆದರು. ಪಕ್ಕದ ಅಂಗಡಿಯ ಕಂಪ್ಯೂಟರಿನಲ್ಲಿ ಆ ಸೈಟು ತೆರೆದಿದ್ದರು. ಸಿನಿಮಾಗಳ ಪಟ್ಟಿ ಇರಲಿಲ್ಲ. ಒಂದು ಸರ್ಕಾರಿ ಮುದ್ರೆ, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು.

"ಏನ್ ಬರದಾರ, ಓದು."

ಕೋರ್ಟಿನ ಆದೇಶದಂತೆ ಸೈಟನ್ನು ವಶಪಡಿಸಿಕೊಳ್ಳಲಾಗಿದೆ ಎಂದಿತ್ತು. ಹಾಗೆಯೇ ಹೇಳಿದೆ.

"ಸಿನಿಮಾ ಅಷ್ಟ ತಗದಾರೋ, ಎಲ್ಲಾ ತಗದಾರೋ?"

"ಎಲ್ಲಾ ತಗದಾರ್ರಿ, ಚಾಚಾ."

"ನಮ್ಮವು ಸಿನಿಮಾ ಅಲ್ಲಲ್ಲ..."

ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಗಳನ್ನು ನೋಡುತ್ತಾ ಕುಳಿತೆ.

ಆ ಭಾನುವಾರ ಚಾಚಾ ನನ್ನ ಜೊತೆ ಬಸ್ಸಿನಲ್ಲಿ ಸಿರಿಗೇರಿಗೆ ಬಂದರು. ಅಪ್ಪ ಮಂಚದ ಮೇಲಿದ್ದ. ಚಾಚಾ ಕುರ್ಚಿ ಬೇಡವೆಂದು ನೆಲದ ಮೇಲೆ ಕುಳಿತರು.

"ನಿನ್ನ ದನಿ ಕಳದೆನೋ. ಡಿಸ್ಕಿನ್ಯಾಗೂ ಇತ್ತು. ಸಿನಿಮಾಕ್ಕ ಜಾಗ ಬೇಕಂತ ನಾನ ಅಳಿಸಿದ್ದೆ."

ಆ ಮಾತು ನಾನೂ ಅವತ್ತೇ ಕೇಳಿದ್ದು. ಅಪ್ಪ ಚಾಚಾನ ಕಡೆ ತಿರುಗಿ, ನೀನೇ ಹಾಡು ಎಂದು ಕೈಸನ್ನೆ ಮಾಡಿದ.

ಚಾಚಾಗೆ ಹಾಡಲು ಬರುತ್ತಿರಲಿಲ್ಲ. ಆದರೂ ಹಾಡಿದರು. ಕೇಳಿ ಕೇಳಿ ಸಾಲುಗಳೆಲ್ಲ ಬಾಯಿಗೆ ಬಂದಿದ್ದವು, ಶ್ರುತಿ ಮಾತ್ರ ಇರಲಿಲ್ಲ. ತಪ್ಪಿದಲ್ಲಿ ಅಪ್ಪ ಮಂಚದ ಪಟ್ಟಿ ಬಡಿದು ನಿಲ್ಲಿಸುತ್ತಿದ್ದ, ಚಾಚಾ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಒಂದೇ ಪದಕ್ಕೆ ಮಧ್ಯಾಹ್ನವೆಲ್ಲ ಹೋಯಿತು. ಫೋನು ನನ್ನ ಜೇಬಿನಲ್ಲೇ ಇತ್ತು. ರೆಕಾರ್ಡ್ ಮಾಡಬೇಕೆಂದು ಹೊಳೆಯಲಿಲ್ಲ.

ಮುಂದಿನ ವರ್ಷ ಅಪ್ಪ ತೀರಿಕೊಂಡ. ಆಮೇಲೆ ಚಾಚಾನೂ ಹೋದರು, ಮಣ್ಣಿಗೆ ನಾನು ಹೋಗಿದ್ದೆ. ಈಗ ಅಪ್ಪನ ಪದ ನೆನಪಿಸಿಕೊಳ್ಳಲು ಕುಳಿತರೆ ಅಪ್ಪನ ದನಿ ಬರುವುದಿಲ್ಲ... ಚಾಚಾನ ಶ್ರುತಿಯಿಲ್ಲದ ದನಿಯೇ ಬರುತ್ತದೆ. ಅದೂ ಅರ್ಧಕ್ಕೇ ನಿಲ್ಲುತ್ತದೆ.