ಬಸ್ಸಿನಲ್ಲಿ ಕೇಳಿಸಿದ ಡಿಜೆ ಭುಜಂಗ

ಬದಿಯಡ್ಕದ ಸುತ್ತಮುತ್ತ ಮೈಕ್ ಭುಜಂಗ ಎಂದರೆ ಗೊತ್ತಿಲ್ಲದವರು ಕಡಿಮೆ. ಮೂವತ್ತು ವರ್ಷ ಮದುವೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಚುನಾವಣೆಯ ಜೀಪಿಗೆ ಮೈಕ್‌ಸೆಟ್ಟು ಕಟ್ಟಿದವನು. ಕಿವಿ ಬಹಳ ಸೂಕ್ಷ್ಮ. ಚಪ್ಪರದ ಮೂಲೆಯ ಒಂದು ಸ್ಪೀಕರ್ ಪೆಟ್ಟಿಗೆ ಗೊರಗುಟ್ಟಿದರೂ ಊಟದ ಎಲೆ ಬಿಟ್ಟು ಏಳುವ ಜಾತಿ.

ಅವನಿಗೆ ಐವತ್ತು ದಾಟುವ ಹೊತ್ತಿಗೆ ಮೆಹಂದಿ ಮನೆಗಳಲ್ಲಿ ಎಲ್ಲರೂ ಡಿಜೆ ಕೇಳತೊಡಗಿದರು. ಭುಜಂಗ ಹಠ ಹಿಡಿದು ಅದನ್ನೂ ಕಲಿತ. ಕಳೆದ ಮಳೆಗಾಲದಲ್ಲಿ ಕೆಲಸವಿಲ್ಲದಾಗ ಮನೆಯಲ್ಲೇ ಕೂತು ಒಂದು ಗಂಟೆಯ ಮಿಕ್ಸ್ ಮಾಡಿ, ಮಿಕ್ಸರಿನಿಂದ ಹಳೆಯ ಲ್ಯಾಪ್‌ಟಾಪಿಗೆ ವಯರ್ ಎಳೆದು ರೆಕಾರ್ಡು ಮಾಡಿದ. ನಡುನಡುವೆ "ಡಿಜೆ ಭುಜಂಗ, ಬದಿಯಡ್ಕ" ಎಂದು ತನ್ನದೇ ದನಿ ಸೇರಿಸಿದ. ಮಿಕ್ಸರಿಗೆ ಸಿಕ್ಕಿಸಿದ ಹೆಡ್‌ಫೋನಿನಲ್ಲಿ ಕೇಳುವಾಗ ಸೊಗಸಾಗಿತ್ತು. ಆ ಉಮೇದಿನಲ್ಲಿ ರೆಕಾರ್ಡಾದದ್ದನ್ನು ತಿರುಗಿ ಕೇಳದೆ, ಪೆನ್‌ಡ್ರೈವಿಗೆ ಹಾಕಿ ಕುಂಬಳೆ ಬಸ್ಸಿನ ಡ್ರೈವರ್ ಲತೇಶನ ಕೈಗಿಟ್ಟ.

ನಾಲ್ಕು ದಿನ ಬಿಟ್ಟು ಅದೇ ಬಸ್ಸು ಹತ್ತಿದ. ಸ್ಪೀಕರಿನಲ್ಲಿ ಹಾಡು ನಡೆದಿತ್ತು. ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ, ಅದರಡಿಯಲ್ಲಿ ಗುಂಯ್ ಎನ್ನುವ ಒಂದು ಕರೆಂಟಿನ ಸದ್ದು, ಹಾಡುವವಳ ದನಿ ಹರಿದ ಬಟ್ಟೆ. ಯಾವ ನಾಯಿ ಮಾಡಿದ್ದಪ್ಪ ಇದು ಎಂದುಕೊಳ್ಳುವಷ್ಟರಲ್ಲಿ ತನ್ನದೇ ಹೆಸರು ಕೇಳಿಸಿತು. ಭುಜಂಗನಿಗೆ ಹೇಸಿಗೆಯಾಯಿತು. ಅದಕ್ಕಿಂತ ಹೇಸಿಗೆಯಾದದ್ದು ಪಕ್ಕದಲ್ಲಿ ಕೂತವ ತೊಡೆ ತಟ್ಟುತ್ತಾ ತಲೆದೂಗುತ್ತಿದ್ದದ್ದು. ಕುಂಬಳೆಗೆ ಟಿಕೆಟ್ ತೆಗೆದಿದ್ದವನು ಸೀತಾಂಗೋಳಿಯಲ್ಲೇ ಇಳಿದುಬಿಟ್ಟ.

ಮನೆಗೆ ಬಂದವನೇ ಲ್ಯಾಪ್‌ಟಾಪಿನ ಮುಂದೆ ಕೂತ. ಪೇಟೆಯ ಕಂಪ್ಯೂಟರ್ ಅಂಗಡಿಯವನಿಗೆ ಫೋನು ಮಾಡಿದರೆ, ಸೌಂಡು ದೊಡ್ಡದು ಮಾಡುವ ಏನೋ ಒಂದು ಸಾಫ್ಟ್‌ವೇರ್ ಕಳಿಸಿಕೊಟ್ಟ. ಹಾಕಿ ನೋಡಿದ. ಚಟಪಟವೂ ದೊಡ್ಡದಾಯಿತು.

"ಥೂ! ಇವನಿಗೆ ಕಿವಿ ಉಂಟಾ, ಅಲ್ಲ ಬರೀ ತೂತಾ?"

ಆಮೇಲೆ ತನ್ನ ಹಳೆಯ ಕ್ರಮಕ್ಕೇ ಬಂದ. ಒಂದು ಕಡೆಯಿಂದ ಹುಡುಕುತ್ತಾ ಬರುವುದು. ಮಿಕ್ಸರಿನಲ್ಲಿ ಕೇಳಿದ, ಶುದ್ಧ. ಸೌಂಡಿನ ಅಳತೆ ತೋರಿಸುವ ಅದರ ದೀಪಗಳು ಹಸಿರು ದಾಟಿಲ್ಲ. ವಯರ್ ಬದಲಿಸಿದ, ವ್ಯತ್ಯಾಸವಿಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ. ಆ ಗುಂಯ್ ಸದ್ದು ತಟ್ಟನೆ ನಿಂತಿತು! ಆದರೆ ಚಟಪಟ ಹೋಗಲಿಲ್ಲ. ಪರದೆಯಲ್ಲಿ ಹಾಡಿನ ಗೆರೆಗಳು ಏರಿ ಇಳಿಯುವ ಬದಲು, ಕತ್ತಿಯಲ್ಲಿ ಸವರಿದ ಬೇಲಿಯ ಹಾಗೆ ಮೇಲೂ ಕೆಳಗೂ ಚಪ್ಪಟೆ.

ಹೆಂಡತಿ ಹರಿಣಾಕ್ಷಿ ಚಾ ತಂದಿಟ್ಟು ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ವಯರನ್ನೇ ನೋಡಿದಳು. "ಅಲ್ಲ, ಆ ತೂತಿನ ಹತ್ತಿರ ಮೈಕಿನ ಚಿತ್ರ ಉಂಟಲ್ಲ. ನೀವು ಸಿಕ್ಕಿಸಿದ್ದು ಮೈಕ್ ಅಲ್ಲವಲ್ಲ?"

ಭುಜಂಗ ಬಗ್ಗಿ ಆ ತೂತನ್ನು ನೋಡಿದ. ಮೈಕಿನಿಂದ ಬರುವುದು ಸಣ್ಣ ದನಿ, ಅದನ್ನು ಹತ್ತು ಪಟ್ಟು ಎತ್ತಲೆಂದೇ ಇರುವ ತೂತು ಅದು. ಅಲ್ಲಿಗೆ ಮಿಕ್ಸರಿನ ಬಲವಾದ ಸೌಂಡು ಸುರಿದರೆ ಒಡೆಯದೆ ಇನ್ನೇನು? ಟೇಪಿನ ವಯರನ್ನು ಮೈಕಿನ ಜಾಗಕ್ಕೆ ಸಿಕ್ಕಿಸಿದ ಎಷ್ಟು ಕೆಲಸದವರಿಗೆ ಅವನೇ ಬೈದಿರಲಿಲ್ಲ! ಒಬ್ಬನನ್ನಂತೂ ಮದುವೆಯ ಚಪ್ಪರದಿಂದಲೇ ಮನೆಗೆ ಅಟ್ಟಿದ್ದ. ಈಗ ತನ್ನ ಮುಖಕ್ಕೇ ಉಗಿಯಬೇಕೆನಿಸಿತು. ಚಾ ಆರಿತು.

ಮರುದಿನ ಮಂಗಳೂರಿಗೆ ಹೋಗಿ, ಮಿಕ್ಸರಿನ ಸೌಂಡಿಗೆಂದೇ ಬೇರೆ ತೂತಿರುವ ಒಂದು ಸಣ್ಣ ಯುಎಸ್‌ಬಿ ಪೆಟ್ಟಿಗೆ ತಂದ. ಚಾರ್ಜರ್ ಕಿತ್ತಿಟ್ಟು, ಅತಿ ಜೋರಿನ ಜಾಗದಲ್ಲೂ ಕೆಂಪು ಮುಟ್ಟದ ಹಾಗೆ ಅಳತೆ ಇಳಿಸಿ, ಇಡೀ ಮಿಕ್ಸನ್ನು ಮೊದಲಿನಿಂದ ರೆಕಾರ್ಡು ಮಾಡಿದ. ಎರಡು ಸಲ ಕೂತು ಕೇಳಿದ. ಗೆಜ್ಜೆಯ ಒಂದೊಂದು ಕಾಳೂ ಬೇರೆ ಬೇರೆ ಕೇಳುತ್ತಿತ್ತು.

ಹೊಸ ಪೆನ್‌ಡ್ರೈವ್ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದ. ಲತೇಶ ಅರ್ಧ ಹಾಡು ಕೇಳಿ ಮುಖ ಸಣ್ಣ ಮಾಡಿದ.

"ಎಂತ ಭುಜಂಗಣ್ಣ, ಇದರಲ್ಲಿ ಗಮ್ಮತ್ತೇ ಇಲ್ಲ. ಮೊದಲಿನದ್ದರಲ್ಲಿ ಒಂದು ಪಟಾಕಿ ಹಾಗೆ ಪೊಟ್ಟುವ ಸೌಂಡು ಇತ್ತು ನೋಡಿ, ಅದು ಸೂಪರ್."

"ಅದು ಕೊಳೆತದ್ದು ಮಾರಾಯ! ಕೊಡು ಇಲ್ಲಿ ಅದನ್ನು."

"ಕೊಡುವ. ಆದರೆ ಆರು ಬಸ್ಸಿನವರು ಕಾಪಿ ಮಾಡಿಕೊಂಡಿದ್ದಾರೆ."

ಆ ಇಡೀ ವಾರ ಭುಜಂಗ ಬಸ್ಸಿನಿಂದ ಬಸ್ಸಿಗೆ ಅಲೆದ. ಐದು ಮಂದಿ ನಗುತ್ತಾ ಹಳೆಯದನ್ನು ಅಳಿಸಿ ಹೊಸದು ಹಾಕಿಕೊಂಡರು. ಆರನೆಯವ ಚನಿಯ, ಮುಳ್ಳೇರಿಯ ಕಡೆಯ ಬಸ್ಸಿನವನು, ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನನ್ನ ಪ್ಯಾಸೆಂಜರಿಗೆ ಇದೇ ಬೇಕು ಅಣ್ಣ" ಎಂದು ಹಾರ್ನ್ ಹೊಡೆದು ಹೊರಟೇಬಿಟ್ಟ. ಕಿಟಕಿಗಳಿಂದ ಅದೇ ಒಡಕು ಗಂಟಲು "ಡಿಜೆ ಭುಜಂಗ, ಬದಿಯಡ್ಕ" ಎಂದು ಕಿರುಚಿತು. ಸ್ಟ್ಯಾಂಡಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿ ಮೆಚ್ಚಿ ನಕ್ಕರು. ಭುಜಂಗ ಮೋರಿಗೆ ಉಗಿದು, ಬಾಯಿ ಒರೆಸಿಕೊಂಡು, ಸೋಡಾ ಕುಡಿಯಲು ಹೋದ.